ಸಿಲ್ವೆರಾಡೊ ಉಸಿರಾಡಿದ ಗಾಳಿ: ಇಂಟೇಕ್ ಕಿಟ್ ಕೊಳ್ಳುವ ಮುಂಚೆ ಅಳೆದು ನೋಡಿದ ಒಂದು ಪ್ರಕರಣ

ಗಾಡಿ 2005ರ ಶೆವ್ರೊಲೆ ಸಿಲ್ವೆರಾಡೊ 1500. 5.3 ಲೀಟರಿನ ವಿ8 ಪೆಟ್ರೋಲ್ ಎಂಜಿನ್, ನಾಲ್ಕು ಗೇರಿನ ಆಟೊಮ್ಯಾಟಿಕ್. ಮಾಲೀಕ ನನ್ನ ಕಾಲೇಜು ದಿನಗಳ ಗೆಳೆಯ. ಊರು ಹಾಸನದ ಕಡೆ, ಈಗ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಪಕ್ಕದ ಫಾಲ್ಸಮ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ರಜೆಯಲ್ಲಿ ಸಂಸಾರ ಸಮೇತ ಲೇಕ್ ಟಾಹೊ ಕಡೆಗೆ ಟ್ರೇಲರ್ ಎಳೆದುಕೊಂಡು ಹೋಗಬೇಕು ಅಂತ ನೆವಾಡಾದ ಎಲ್ಕೊದಲ್ಲಿ ಈ ಹಳೆಯ ಪಿಕಪ್ ಹಿಡಿದ. ಬೆಲೆ ಚೆನ್ನಾಗಿತ್ತು, ಎಂಜಿನ್ ಸದ್ದೂ ಚೆನ್ನಾಗಿತ್ತು. ಬಾನೆಟ್ ಎತ್ತಿದರೆ ಹೊಳೆಯುವ ಅಲ್ಯೂಮಿನಿಯಂ ಕೊಳವೆ, ಅದರ ತುದಿಗೆ ಕೆಂಪು ಶಂಕುವಿನಾಕಾರದ ಫಿಲ್ಟರ್. ಹಿಂದಿನ ಮಾಲೀಕ ಕಂಪನಿಯ ಏರ್ ಬಾಕ್ಸ್, ಅಂದರೆ ಗಾಳಿ ಸೋಸುವ ಫಿಲ್ಟರಿನ ಪೆಟ್ಟಿಗೆ, ಕಿತ್ತೆಸೆದು, ಎಂಜಿನ್ ಒಳಕ್ಕೆ ತಣ್ಣನೆ ಗಾಳಿ ತರುತ್ತದೆಂದು ಮಾರುವ ಕೋಲ್ಡ್ ಏರ್ ಇಂಟೇಕ್ ಕಿಟ್ ಕೂರಿಸಿದ್ದ.

ತೊಂದರೆ ಎರಡು ಕಡೆಯಿಂದ ಬಂತು. ಕ್ಯಾಲಿಫೋರ್ನಿಯಾದಲ್ಲಿ ನೋಂದಣಿ ಮಾಡಿಸಲು ಹೊಗೆ ತಪಾಸಣೆಗೆ ಒಯ್ದಾಗ, ಯಂತ್ರ ಜೋಡಿಸುವ ಮೊದಲೇ ತಪಾಸಣೆಯವನು ಬಾನೆಟ್ ಒಳಗೆ ನೋಡಿ ತಲೆಯಾಡಿಸಿದ. ಆ ಇಂಟೇಕ್ ಮೇಲೆ ಇರಬೇಕಾದ ಅನುಮತಿ ಸಂಖ್ಯೆಯ ಚೀಟಿ ಇರಲಿಲ್ಲ. ಎರಡನೆಯದು ಘಾಟಿಯ ತೊಂದರೆ. ಜುಲೈ ಬಿಸಿಲಲ್ಲಿ ಇಂಟರ್‌ಸ್ಟೇಟ್ 80ರ ಮೇಲೆ ಆಬರ್ನ್ ದಾಟಿ ಕೋಲ್ಫ್ಯಾಕ್ಸ್ ಕಡೆ ಹತ್ತುವಾಗ, ಹಿಂದೆ ಸುಮಾರು 2,200 ಕಿಲೋ ಟ್ರೇಲರ್ ಇದ್ದರೆ ಗಾಡಿ ತಿಣುಕುತ್ತಿತ್ತು. ಆಕ್ಸಿಲರೇಟರ್ ನೆಲಕ್ಕೆ ಒತ್ತಿದರೂ ಲಾರಿಗಳ ಸಾಲಿನಲ್ಲೇ ಹೋಗಬೇಕಾದ ಪರಿಸ್ಥಿತಿ.

"ಒಂದು ಒಳ್ಳೆ ಕಿಟ್ ಹಾಕ್ಸಿಬಿಡ್ತೀನಿ ಮಾರಾಯ. ಅನುಮತಿ ಇರೋದು ಮುನ್ನೂರೈವತ್ತು ಡಾಲರ್‌ಗೆ ಸಿಗುತ್ತೆ. ಇಲ್ಲಾಂದ್ರೆ ನಾವೇ ಪೈಪ್ ತಂದು ಮಾಡಿದ್ರೆ ಹೆಂಗೆ?" ಅಂದ.

"ಎರಡೂ ಬೇಡ ಅಂತಲ್ಲ. ಎಂಜಿನ್ ಎಂಥ ಗಾಳಿ ಎಳ್ಕೊಳ್ತಿದೆ ಅಂತ ಮೊದಲು ನೋಡೋಣ ಕಣೋ," ಅಂದೆ.

ಗಾಳಿ ಎಂಬುದು ಅಳತೆಗೆ ಸಿಗುವ ವಸ್ತು. ಅಳೆಯಲು ಬೇಕಾದ ಸೆನ್ಸರ್‌ಗಳನ್ನು ಕಾರ್ಖಾನೆಯವರೇ ಗಾಡಿಯೊಳಗೆ ಇಟ್ಟಿರುತ್ತಾರೆ. ಹಾಗಿದ್ದರೂ ಜನ ಕಿಟ್ ಡಬ್ಬಿಯ ಮೇಲೆ ಬರೆದ ಹಾರ್ಸ್‌ಪವರ್ ನಂಬಿ ದುಡ್ಡು ಸುರಿಯುತ್ತಾರೆ. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ; ಈ ಪ್ರಕರಣವನ್ನು ಇಷ್ಟು ವಿವರವಾಗಿ ಬರೆಯುತ್ತಿರುವುದೂ ಅದಕ್ಕೇ.

ಏನನ್ನು ಅಳೆದೆವು

ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಸಿಕ್ಕಿಸುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಒಂದು, ಫೋನಿನಲ್ಲಿ ಒಂದು ಆ್ಯಪ್. ಹೊರಗಿನ ಉಷ್ಣತೆಗೆ ಬೇರೆಯದೇ ಥರ್ಮಾಮೀಟರ್ ತಂದು, ಅದರ ವೈರನ್ನು ರಸ್ತೆಯ ಕಾವು, ರೇಡಿಯೇಟರ್ ಕಾವು ಎರಡೂ ತಾಗದಂತೆ ಮುಂದಿನ ಬಂಪರ್ ಹಿಂದೆ ಕಟ್ಟಿದೆವು. ಇಷ್ಟೇ ಸಾಮಾನು. ಆಬರ್ನ್ ಆಚೆಯ ಒಂದೇ ಏರು, ಮಧ್ಯಾಹ್ನದ ಅದೇ ಹೊತ್ತು, ಅದೇ ಟ್ರೇಲರ್, ಅದೇ ಗೇರು. ಗೆಳೆಯ ಓಡಿಸಿದ, ನಾನು ಅಂಕಿ ಬರೆದುಕೊಂಡೆ.

ಮೊದಲು ನೋಡಬೇಕಾದ್ದು ಎಂಜಿನ್ ಒಳಕ್ಕೆ ಹೋಗುವ ಗಾಳಿಯ ಉಷ್ಣತೆ. ಈ ಗಾಡಿಯಲ್ಲಿ ಅದರ ಸೆನ್ಸರ್, ಗಾಳಿಯ ತೂಕ ಅಳೆಯುವ ಮ್ಯಾಸ್ ಏರ್‌ಫ್ಲೋ ಸೆನ್ಸರ್‌ನ ಮೈಯೊಳಗೇ ಕೂತಿದೆ. ಹೊರಗೆ 38 ಡಿಗ್ರಿ ಸೆಲ್ಸಿಯಸ್ ಇದ್ದಾಗ ಒಳಕ್ಕೆ ಹೋಗುತ್ತಿದ್ದ ಗಾಳಿ 62 ಡಿಗ್ರಿ. ಸಪಾಟು ಹೆದ್ದಾರಿಯಲ್ಲಿ ಜೋರಾಗಿ ಓಡುವಾಗ ಅದು 47ರ ಹತ್ತಿರ ಇಳಿಯುತ್ತಿತ್ತು. ಏರಿನಲ್ಲಿ ವೇಗ ಕಡಿಮೆಯಾಗಿ, ಫ್ಯಾನ್ ರೇಡಿಯೇಟರಿನ ಕಾವನ್ನೆಲ್ಲ ಬಾನೆಟ್ ಒಳಕ್ಕೆ ಎಳೆದ ಕೂಡಲೇ ಮತ್ತೆ ಏರುತ್ತಿತ್ತು. ಶಕ್ತಿ ಬೇಕೇಬೇಕು ಎನ್ನುವ ಹೊತ್ತಿನಲ್ಲೇ ಎಂಜಿನ್ ಬಿಸಿಗಾಳಿ ಕುಡಿಯುತ್ತಿತ್ತು.

ಇದರ ಲೆಕ್ಕ ಸರಳ. ಒತ್ತಡ ಒಂದೇ ಇದ್ದಾಗ ಗಾಳಿಯ ಸಾಂದ್ರತೆ ಕೆಲ್ವಿನ್ ಉಷ್ಣತೆಗೆ ವಿಲೋಮ. 38 ಡಿಗ್ರಿ ಅಂದರೆ 311 ಕೆಲ್ವಿನ್, 62 ಅಂದರೆ 335. 311ನ್ನು 335ರಿಂದ ಭಾಗಿಸಿದರೆ 0.93. ಅಂದರೆ ಪ್ರತಿ ಉಸಿರಿನಲ್ಲೂ ಶೇ. 7ರಷ್ಟು ಆಮ್ಲಜನಕ ಖೋತಾ. ಗಾಳಿ ಕಡಿಮೆ ಬಂದಷ್ಟೂ ಕಂಪ್ಯೂಟರ್ ಪೆಟ್ರೋಲನ್ನೂ ಕಡಿಮೆ ಹಾಕುತ್ತದೆ, ಹಾಗಾಗಿ ಶಕ್ತಿಯೂ ಅಷ್ಟೇ ಇಳಿಯುತ್ತದೆ. ಈ ಎಂಜಿನ್‌ಗೆ ಕಾರ್ಖಾನೆಯವರು ಹೇಳುವ ಶಕ್ತಿ ಸುಮಾರು 295 ಹಾರ್ಸ್‌ಪವರ್. ಅದರಲ್ಲಿ 20 ಹೀಗೇ ಹೋಯಿತು. ನಷ್ಟ ಅಲ್ಲಿಗೇ ನಿಲ್ಲುವುದೂ ಇಲ್ಲ. ಬಿಸಿಗಾಳಿ ಬಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ಅವೇಳೆಯಲ್ಲಿ ತಾನೇ ಹೊತ್ತಿಕೊಂಡು ಬಡಿಯುವ ನಾಕಿಂಗ್ ಆದೀತೆಂದು ಕಂಪ್ಯೂಟರ್ ಇಗ್ನಿಷನ್ ಟೈಮಿಂಗನ್ನು (ಕಿಡಿ ಹೊತ್ತಿಸುವ ಹೊತ್ತು; ಅಳೆಯುವುದು ಎಂಜಿನ್ ತಿರುಗುವ ಕೋನದ ಡಿಗ್ರಿಯಲ್ಲಿ) ಹಿಂದಕ್ಕೆ ಎಳೆಯುತ್ತದೆ. ಫೋನಿನ ಪರದೆಯ ಮೇಲೆ ಅದು ಕಣ್ಣಿಗೇ ಕಾಣುತ್ತಿತ್ತು: ಏರಿನ ಬುಡದಲ್ಲಿ 24 ಡಿಗ್ರಿ ಇದ್ದ ಟೈಮಿಂಗ್, ಅರ್ಧ ಹತ್ತುವಷ್ಟರಲ್ಲಿ 19.

ಎರಡನೆಯದು, ಗಾಳಿಯ ದಾರಿಯಲ್ಲಿ ಎಷ್ಟು ಅಡ್ಡಿಯಿದೆ ಅನ್ನುವುದು. ಇದನ್ನು ಅಳೆಯುವ ದಾರಿ ಇನ್ನೂ ಸೊಗಸು, ಕಾಸು ಖರ್ಚಿಲ್ಲ. ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ತಿರುಗಿಸಿದಾಗ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒತ್ತಡದ ಸೆನ್ಸರ್ ಹೊರಗಿನ ವಾತಾವರಣದ ಒತ್ತಡವನ್ನೇ ತೋರಿಸುತ್ತದೆ. ಆಬರ್ನ್ ಹತ್ತಿರ ಅದು 97 ಕಿಲೋಪ್ಯಾಸ್ಕಲ್. ಆಮೇಲೆ ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ತೆರೆಯುವ ಗಾಳಿಯ ಬಾಗಿಲು) ಪೂರ್ತಿ ತೆರೆದು 5,000 ಆರ್‌ಪಿಎಂಗೆ ಒಯ್ದಾಗ ಅದೇ ಸೆನ್ಸರ್ ಎಷ್ಟು ತೋರಿಸುತ್ತದೆ ನೋಡಬೇಕು. ಎರಡರ ನಡುವಿನ ವ್ಯತ್ಯಾಸವೇ ಫಿಲ್ಟರ್, ಕೊಳವೆ, ಥ್ರಾಟಲ್ ಬಾಡಿ ಎಲ್ಲ ಸೇರಿ ತಿನ್ನುವ ಒತ್ತಡ. ಆ ಕೆಂಪು ಫಿಲ್ಟರ್ ಇದ್ದಾಗ 95 ಬಂತು. ಎರಡು ಕಿಲೋಪ್ಯಾಸ್ಕಲ್ ನಷ್ಟ. ಗಾಳಿ ಸರಾಗ ಹರಿಯುವುದರಲ್ಲಿ ಆ ಕಿಟ್ ಸುಳ್ಳು ಹೇಳಿರಲಿಲ್ಲ. ಅದರ ದೋಷವೆಲ್ಲ ಗಾಳಿಯನ್ನು ಎಲ್ಲಿಂದ ಎಳೆಯುತ್ತಿತ್ತು ಅನ್ನುವುದರಲ್ಲಿತ್ತು. ಈ ಸ್ಕ್ಯಾನರ್‌ಗಳು ಒತ್ತಡವನ್ನು ಪೂರ್ಣಾಂಕದಲ್ಲೇ ಹೇಳುತ್ತವೆ, ಆದ್ದರಿಂದ ಒಂದು ಕಿಲೋಪ್ಯಾಸ್ಕಲ್ ಆಚೀಚೆಗೆ ಮಹತ್ವ ಕೊಡಬಾರದು.

ಮೂರನೆಯದನ್ನು ಗೆಳೆಯ ನಿರೀಕ್ಷಿಸಿರಲಿಲ್ಲ. ಪೆಟ್ರೋಲ್ ಪ್ರಮಾಣವನ್ನು ಕಂಪ್ಯೂಟರ್ ದೀರ್ಘಾವಧಿಗೆ ಎಷ್ಟು ತಿದ್ದಿಕೊಂಡಿದೆ ಎಂದು ತೋರಿಸುವ ಫ್ಯೂಯಲ್ ಟ್ರಿಮ್ ಎಂಬ ಅಂಕಿಯೊಂದಿದೆ. ಸೊನ್ನೆಯ ಆಸುಪಾಸಿನಲ್ಲಿದ್ದರೆ ಗಾಡಿ ಆರೋಗ್ಯವಾಗಿದೆ ಎಂದು ಅರ್ಥ. ಇಲ್ಲಿ ಅದು ಶೇ. 11 ಹೆಚ್ಚು. ಬರುತ್ತಿರುವ ಗಾಳಿಗಿಂತ ಕಡಿಮೆ ಗಾಳಿ ಬರುತ್ತಿದೆ ಎಂದು ಸೆನ್ಸರ್ ತಪ್ಪು ವರದಿ ಕೊಡುತ್ತಿದೆ, ಆಮ್ಲಜನಕ ಸೆನ್ಸರ್ ಆ ತಪ್ಪನ್ನು ಹಿಡಿದು ಪೆಟ್ರೋಲ್ ಕೂಡಿಸುತ್ತಿದೆ. ಇನ್ನಷ್ಟು ಬಿಟ್ಟಿದ್ದರೆ ಚೆಕ್ ಎಂಜಿನ್ ದೀಪ ಹೊತ್ತಿ, ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಎಂದು ಹೇಳುವ ಪಿ0171, ಪಿ0174 ಎಂಬ ಕೋಡುಗಳು ಬರುತ್ತಿದ್ದವು.

ಮ್ಯಾಸ್ ಏರ್‌ಫ್ಲೋ ಸೆನ್ಸರ್ ಬಿಚ್ಚಿ ಬೆಳಕಿಗೆ ಹಿಡಿದೆವು. ಕೂದಲೆಳೆಯಂಥ ತಂತಿಗಳ ಮೇಲೆ ಮಸುಕಾದ ಎಣ್ಣೆಯ ಪೊರೆ, ಅದಕ್ಕೆ ಮೆತ್ತಿಕೊಂಡ ಬೂದು ಧೂಳು. ಆ ತಂತಿ ಬಿಸಿಯಾಗಿರುತ್ತದೆ. ಹಾದುಹೋಗುವ ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದರ ಮೇಲೆ ಗಾಳಿಯ ತೂಕ ಗೊತ್ತಾಗುವುದು. ಮೇಲೆ ಪೊರೆ ಕಟ್ಟಿದರೆ ತಣಿಯುವುದು ಕಡಿಮೆಯಾಗಿ ಲೆಕ್ಕ ತಪ್ಪುತ್ತದೆ. ಎಣ್ಣೆ ಹಾಕುವ ಬಗೆಯ ಹತ್ತಿ ಫಿಲ್ಟರನ್ನು ತೊಳೆದು, ಅಳತೆ ಮೀರಿ ಎಣ್ಣೆ ಸುರಿದು ಕೂರಿಸಿದ್ದರ ಫಲ ಇದು. ಜೊತೆಗೆ ಆ ಕೊಳವೆ ಸೆನ್ಸರಿನ ಬಾಯಿಗೆ ಒಂದು ಗೇಣು ಮುಂಚೆ ತಟ್ಟನೆ ತಿರುಗುತ್ತಿತ್ತು. ಸೆನ್ಸರ್ ಮುಂದೆ ಗಾಳಿ ಸುಳಿ ಸುತ್ತದೆ ನೇರ ಬರಬೇಕು. ಕೊಳವೆಯ ವ್ಯಾಸ ಬದಲಾದರೂ, ತಿರುವು ಹತ್ತಿರ ಬಂದರೂ ಕಾರ್ಖಾನೆಯಲ್ಲಿ ಹೊಂದಿಸಿಟ್ಟ ಲೆಕ್ಕ ಕೆಡುತ್ತದೆ. ಮನೆಯಲ್ಲಿ ಇಂಟೇಕ್ ಮಾಡುವವರು ಎಡವುವ ಜಾಗ ಹೆಚ್ಚಾಗಿ ಇದೇ.

ಬಿಳಿ ಬಟ್ಟೆಯ ಮೇಲೆ ಬಂದ ಗೆರೆ

ಫಿಲ್ಟರ್ ತೆಗೆದು, ಅದರ ಹಿಂದಿನ ಕೊಳವೆಯ ಒಳಗೋಡೆಯನ್ನು ಒಗೆದ ಬಿಳಿ ಬಟ್ಟೆಯಿಂದ ಒರೆಸಿದೆ. ಅಲ್ಲಿ ಏನೂ ಬರಬಾರದು. ಬಂದದ್ದು ಕಂದುಬಣ್ಣದ ಗೆರೆ, ಬೆರಳ ನಡುವೆ ಉಜ್ಜಿದರೆ ನುಣ್ಣನೆ ಮರಳಿನ ಹಾಗೆ ಕರಕರ. ಕ್ಲ್ಯಾಂಪ್ ಸಡಿಲವಿದ್ದ ಕಡೆ ಗೆರೆ ದಪ್ಪಗಿತ್ತು, ಮಿಕ್ಕ ಕಡೆ ತೆಳುವಾಗಿ ಹರಡಿತ್ತು. ಅಂದರೆ ಧೂಳು ಬರುತ್ತಿದ್ದುದು ಸಂದಿನಿಂದ ಮಾತ್ರವಲ್ಲ.

ಎಲ್ಕೊ ಸುತ್ತಮುತ್ತ ಒಣಭೂಮಿ, ಮಣ್ಣು ರಸ್ತೆ. ಅಲ್ಲಿನ ಧೂಳಿನಲ್ಲಿರುವ ಸಿಲಿಕಾ ಉಕ್ಕಿಗಿಂತ ಗಡಸು. ಅದು ಪಿಸ್ಟನ್ ರಿಂಗ್ ಮತ್ತು ಸಿಲಿಂಡರ್ ಗೋಡೆ ನಡುವೆ ಸೇರಿಕೊಂಡರೆ ಅರೆಯುತ್ತಲೇ ಇರುತ್ತದೆ. ನಮ್ಮ ಬಳ್ಳಾರಿ, ಸಂಡೂರು ಕಡೆ ಅದಿರು ಲಾರಿ ಓಡಿಸಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಅಲ್ಲಿ ಫಿಲ್ಟರ್ ಬಿಚ್ಚಿ ಟೈರಿಗೆ ಕುಟ್ಟಿ ಧೂಳು ಉದುರಿಸಿ ಮತ್ತೆ ಹಾಕುವ ಅಭ್ಯಾಸವಿದೆ. ದಯವಿಟ್ಟು ಹಾಗೆ ಮಾಡಬೇಡಿ, ಕಾಗದದ ಮಡಿಕೆ ಬಿರಿದರೆ ಕಣ್ಣಿಗೆ ಕಾಣುವುದಿಲ್ಲ.

ಹೆಚ್ಚು ಗಾಳಿ ಬಿಡುವ ಫಿಲ್ಟರನ್ನೇ ಒಳ್ಳೆಯ ಫಿಲ್ಟರ್ ಎಂದು ನಂಬುವವರು ಬಹಳ. ಫಿಲ್ಟರ್‌ಗಳನ್ನು ಪರೀಕ್ಷಿಸುವ ಐಎಸ್‌ಒ 5011 ಎಂಬ ಮಾನದಂಡ ಎರಡನ್ನೂ ಒಟ್ಟಿಗೆ ನೋಡುತ್ತದೆ: ಎಷ್ಟು ಅಡ್ಡಿ, ಎಷ್ಟು ಧೂಳು ಹಿಡಿಯುತ್ತದೆ. ಕಾಗದದ ಫಿಲ್ಟರ್ ಸ್ವಲ್ಪ ಧೂಳು ಹಿಡಿದ ಮೇಲೆ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಕೂತ ಧೂಳೇ ಸಣ್ಣ ಧೂಳನ್ನು ತಡೆಯುತ್ತದೆ. ಆದ್ದರಿಂದ ಮೇಲಿಂದ ಮೇಲೆ ಬಿಚ್ಚಿ ನೋಡುವುದೂ, ಅವಧಿಗೆ ಮುಂಚೆಯೇ ಬದಲಿಸುವುದೂ ಎಂಜಿನ್‌ಗೆ ಉಪಕಾರವಲ್ಲ.

ಮೈಲೇಜ್ ಹೆಚ್ಚುತ್ತದೆ ಎಂಬ ಮಾತು ಈ ಕಿಟ್‌ಗಳ ಜಾಹೀರಾತಿನಲ್ಲಿ ಬರುತ್ತಲೇ ಇರುತ್ತದೆ. ಪೆಟ್ರೋಲ್ ಎಂಜಿನ್ ಸಾಮಾನ್ಯ ಓಟದಲ್ಲಿ ಅರ್ಧ ಮುಚ್ಚಿದ ಥ್ರಾಟಲ್‌ನಲ್ಲೇ ಓಡುತ್ತದೆ. ಆಗ ಮ್ಯಾನಿಫೋಲ್ಡ್ ಒತ್ತಡ 40ರಿಂದ 50 ಕಿಲೋಪ್ಯಾಸ್ಕಲ್. ಅಡ್ಡಿಯನ್ನು ಚಾಲಕನ ಪಾದವೇ ಹಾಕುತ್ತಿರುವಾಗ ಫಿಲ್ಟರ್ ಒಂದೆರಡು ಕಿಲೋಪ್ಯಾಸ್ಕಲ್ ಉಳಿಸಿ ಏನು ಪ್ರಯೋಜನ? ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನೇ ಪರೀಕ್ಷಿಸಿತು. ಈಗಿನ ಫ್ಯೂಯಲ್ ಇಂಜೆಕ್ಷನ್ ಕಾರುಗಳಲ್ಲಿ ಫಿಲ್ಟರ್ ಕಟ್ಟಿಕೊಂಡಿದ್ದರೂ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ ಎಂದು ಕಂಡುಕೊಂಡಿತು. ಇಳಿಯುವುದು ವೇಗ ಹೆಚ್ಚಿಸಿಕೊಳ್ಳುವ ಶಕ್ತಿ.

ಮೂರು ದಾರಿ

ಮನೆಯಲ್ಲೇ ಮಾಡುವುದು ಮೊದಲ ದಾರಿ. ನಾಲ್ಕಿಂಚಿನ ಅಲ್ಯೂಮಿನಿಯಂ ಕೊಳವೆ, ಸಿಲಿಕೋನ್ ಜೋಡಣೆ, ಕ್ಲ್ಯಾಂಪ್, ಒಣ ಫಿಲ್ಟರ್, ಕಾವು ತಡೆಯುವ ಪೆಟ್ಟಿಗೆಗೆ ತಗಡು, ಎಲ್ಲ ಸೇರಿ 130 ಡಾಲರ್ ಒಳಗೆ ಆಗುತ್ತಿತ್ತು. ಕೆಲಸವೂ ಕಷ್ಟದ್ದಲ್ಲ. ಆದರೆ ಕ್ಯಾಲಿಫೋರ್ನಿಯಾದಲ್ಲಿ ರಸ್ತೆಗಿಳಿಯುವ ಗಾಡಿಗೆ ಈ ದಾರಿ ಮುಚ್ಚಿದೆ. ಹೊಗೆ ನಿಯಂತ್ರಣಕ್ಕೆ ಸಂಬಂಧಿಸಿದ ಯಾವುದೇ ಭಾಗವನ್ನು ಕಂಪನಿಯದಕ್ಕಿಂತ ಬೇರೆ ಬಗೆಯದಕ್ಕೆ ಬದಲಿಸಿದರೂ ರಾಜ್ಯದ ವಾಯು ಸಂಪನ್ಮೂಲ ಮಂಡಳಿಯ ಕಾರ್ಯನಿರ್ವಾಹಕ ಆದೇಶದ ಸಂಖ್ಯೆ ಬೇಕು. ಆ ಸಂಖ್ಯೆಯ ಚೀಟಿ ಬಾನೆಟ್ ಕೆಳಗೆ ಅಂಟಿರಬೇಕು, ಅದು ಇದೇ ಮಾಡೆಲ್, ಇದೇ ವರ್ಷ, ಇದೇ ಎಂಜಿನ್‌ಗೆ ಅನ್ವಯಿಸಬೇಕು. ಈ ನಿಯಮದ ಮೂಲ ವಾಹನ ಸಂಹಿತೆಯ 27156ನೇ ಸೆಕ್ಷನ್. ಮನೆಯ ಗ್ಯಾರೇಜಿನಲ್ಲಿ ಮಾಡಿದ ಒಂದು ಕೊಳವೆಗೆ ಆ ಸಂಖ್ಯೆ ತರುವುದು ಆಗಹೋಗುವ ಮಾತಲ್ಲ.

ಹಾಗಿದ್ದರೂ ಗೆಳೆಯನಿಗೆ ತಗಡಿನ ಕೆಲಸದ ಆಸೆ ಇತ್ತು. ಪರೀಕ್ಷೆಗೆಂದು ಅದನ್ನೂ ಮಾಡಿದೆವು. ಫಿಲ್ಟರ್ ಸುತ್ತ ಅಲ್ಯೂಮಿನಿಯಂ ತಗಡಿನ ಗೋಡೆ ನಿಲ್ಲಿಸಿ, ಮೇಲಂಚಿಗೆ ಬಾಗಿಲ ರಬ್ಬರ್ ಪಟ್ಟಿ ಅಂಟಿಸಿ ಬಾನೆಟ್ ಮುಚ್ಚಿದಾಗ ಅದಕ್ಕೆ ಒತ್ತಿಕೊಳ್ಳುವಂತೆ ಮಾಡಿದೆವು. ಅದೇ ಏರಿನಲ್ಲಿ ಒಳಗಾಳಿ 62ರಿಂದ 51ಕ್ಕೆ ಇಳಿಯಿತು. ಕಾವಿನ ಅರ್ಧ ಹೋಯಿತು, ಅರ್ಧ ಉಳಿಯಿತು, ಏಕೆಂದರೆ ಗೋಡೆ ಕಟ್ಟಿದರೂ ಹೊರಗಿನ ಗಾಳಿ ಬರಲು ಸರಿಯಾದ ಬಾಯಿ ಇರಲಿಲ್ಲ.

ಕಂಪನಿಯ ಏರ್ ಬಾಕ್ಸ್ ಮಾಡುತ್ತಿದ್ದುದು ಆ ಕೆಲಸವನ್ನೇ. ಅದು ಮುಚ್ಚಿದ ಪೆಟ್ಟಿಗೆ. ಅದರ ಬಾಯಿ ಮುಂದಿನ ಚಕ್ರದ ಮೇಲಿನ ಫೆಂಡರ್ ಟೊಳ್ಳಿಗೆ ತೆರೆದುಕೊಳ್ಳುತ್ತದೆ. ಎಂಜಿನ್ ಕಾವು ತಲುಪದ ಜಾಗ ಅದು, ನೀರೂ ಸುಲಭಕ್ಕೆ ತಲುಪುವುದಿಲ್ಲ. ಫಿಲ್ಟರನ್ನು ಬಂಪರ್ ಹತ್ತಿರ ತೀರಾ ಕೆಳಕ್ಕೆ ಇಳಿಸುವ ಕಿಟ್‌ಗಳೂ ಇವೆ. ಅವು ತಣ್ಣನೆ ಗಾಳಿ ಕೊಡುತ್ತವೆ, ನಿಜ. ಆದರೆ ನೀರು ನಿಂತ ರಸ್ತೆಯಲ್ಲಿ ಒಮ್ಮೆ ಸಿಲಿಂಡರ್ ಒಳಕ್ಕೆ ನೀರು ಹೋದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಟ್ರೇಲರ್ ಎಳೆಯುವ ಸಂಸಾರಸ್ಥರ ಗಾಡಿಗೆ ಅಂಥದ್ದನ್ನು ನಾನಂತೂ ಹಾಕುವುದಿಲ್ಲ.

ಗುಜರಿ ಯಾರ್ಡ್‌ನಲ್ಲಿ ಅದೇ ತಲೆಮಾರಿನ ಸಿಲ್ವೆರಾಡೊ ಸಾಲುಸಾಲಾಗಿ ನಿಂತಿದ್ದವು. ಅಲ್ಲಿಂದ ಕಂಪನಿ ಪೆಟ್ಟಿಗೆಯನ್ನೇ ತಂದು ಮತ್ತೆ ಕೂರಿಸಿದ್ದು ಎರಡನೆಯ ದಾರಿ. ಬಿರುಕಿಲ್ಲದ ಪೆಟ್ಟಿಗೆ, ಒರಿಜಿನಲ್ ರಬ್ಬರ್ ನಾಳ, ಮುಚ್ಚಳದ ಮೇಲಿನ ಫಿಲ್ಟರ್ ಸೂಚಕ ಎಲ್ಲ ಸೇರಿ 45 ಡಾಲರ್. ಹೊಸ ಕಾಗದದ ಫಿಲ್ಟರ್‌ಗೆ 20, ಸೆನ್ಸರ್ ತೊಳೆಯುವ ಸ್ಪ್ರೇಗೆ 10. ಸೆನ್ಸರ್‌ಗೆಂದೇ ಮಾಡಿದ ಸ್ಪ್ರೇಯನ್ನೇ ಬಳಸಬೇಕು; ಬ್ರೇಕ್ ಕ್ಲೀನರ್ ಹೊಡೆದರೆ ಅದರ ಪ್ಲಾಸ್ಟಿಕ್ ಹಾಳಾಗಬಹುದು. ಬಟ್ಟೆಯಿಂದಂತೂ ತಂತಿ ಮುಟ್ಟಲೇಬಾರದು.

ಅದೇ ಏರು, ಮತ್ತೆ 38 ಡಿಗ್ರಿ ಬಿಸಿಲು. ಒಳಗಾಳಿ 43. ಹೊರಗಿಗಿಂತ ಬರೀ ಐದು ಡಿಗ್ರಿ ಹೆಚ್ಚು, ಸಾಂದ್ರತೆಯ ನಷ್ಟ ಶೇ. 1.6. ಪೂರ್ತಿ ಥ್ರಾಟಲ್‌ನಲ್ಲಿ ಮ್ಯಾನಿಫೋಲ್ಡ್ ಒತ್ತಡ 94, ಅಂದರೆ ಕೆಂಪು ಫಿಲ್ಟರ್‌ಗಿಂತ ಒಂದು ಕಿಲೋಪ್ಯಾಸ್ಕಲ್ ಕಡಿಮೆ. ಅಷ್ಟು ಕೊಟ್ಟು ಹತ್ತೊಂಬತ್ತು ಡಿಗ್ರಿ ತಂಪು ಪಡೆದೆವು. ಟೈಮಿಂಗ್ 23ರ ಕೆಳಗೆ ಇಳಿಯಲಿಲ್ಲ. ಕೆಲವು ದಿನ ಓಡಿಸಿದ ಮೇಲೆ ಫ್ಯೂಯಲ್ ಟ್ರಿಮ್ ಶೇ. 3ಕ್ಕೆ ಬಂದು ನಿಂತಿತು.

ಮೂರನೆಯ ದಾರಿ ಅನುಮತಿ ಸಂಖ್ಯೆ ಇರುವ, ಪೆಟ್ಟಿಗೆ ಮುಚ್ಚಿದ ಹೊಸ ಕಿಟ್. ಅದನ್ನು ಹಾಕಿ ನೋಡುವ ಅಗತ್ಯವೇ ಬೀಳಲಿಲ್ಲ. ಅದು ಗರಿಷ್ಠ ಎಷ್ಟು ಕೊಡಬಲ್ಲದು ಎಂಬುದನ್ನು ಕೈಯಲ್ಲಿದ್ದ ಅಂಕಿಗಳೇ ಹೇಳುತ್ತಿದ್ದವು. ಕಂಪನಿ ಪೆಟ್ಟಿಗೆಯಲ್ಲಿ ಉಳಿದಿರುವ ನಷ್ಟ ಉಷ್ಣತೆಯಿಂದ ಶೇ. 1.6, ಅಡ್ಡಿಯಿಂದ ಶೇ. 3. ಕಿಟ್ ಈ ಎರಡನ್ನೂ ಸೊನ್ನೆ ಮಾಡಿತು ಎಂದುಕೊಂಡರೂ, ಅದು ಯಾವ ಕಿಟ್‌ನಿಂದಲೂ ಆಗುವುದಿಲ್ಲ, ಲಾಭ ಶೇ. 5 ಮುಟ್ಟುವುದಿಲ್ಲ. ಅದೂ 5,000 ಆರ್‌ಪಿಎಂನಲ್ಲಿ. ಅಡ್ಡಿ ಗಾಳಿಯ ಹರಿವಿನ ವರ್ಗಕ್ಕೆ ತಕ್ಕಂತೆ ಬದಲಾಗುತ್ತದೆ. ಏರಿನಲ್ಲಿ ಗಾಡಿ ಓಡುವುದು 3,500ರ ಆಸುಪಾಸಿನಲ್ಲಿ. ಅಲ್ಲಿ ಆ ಶೇ. 3 ಅರ್ಧವಾಗುತ್ತದೆ. ಟ್ರೇಲರ್ ಎಳೆಯುವಾಗ ಕೈಗೆ ಸಿಗುವುದು ಹೆಚ್ಚೆಂದರೆ ಆರೇಳು ಹಾರ್ಸ್‌ಪವರ್. ಮುನ್ನೂರೈವತ್ತು ಡಾಲರ್ ಯಾಕೆ ಕೊಡಬೇಕು? ಎಂಜಿನ್ ಗರ್ಜನೆ ಇಷ್ಟವೆಂದು ಕೊಳ್ಳುವವರ ಮಾತು ಬೇರೆ, ಅವರಿಗೆ ಅದು ಖಂಡಿತ ಸಿಗುತ್ತದೆ.

ಟರ್ಬೊ ಡೀಸೆಲ್ ಪಿಕಪ್ ಇರುವವರು ಈ ಅಂಕಿಗಳನ್ನು ಹಾಗೇ ತೆಗೆದುಕೊಳ್ಳಬೇಡಿ. ಅಲ್ಲಿ ಟರ್ಬೊ ಗಾಳಿಯನ್ನು ಒತ್ತುವಾಗಲೇ ಅದು ನೂರು ಡಿಗ್ರಿ ದಾಟುತ್ತದೆ, ಅದನ್ನು ತಣಿಸುವುದು ಇಂಟರ್‌ಕೂಲರ್. ಮೊದಲು ಅದರ ಜಾಲರಿಯಲ್ಲಿ ಕೂತ ಕೆಸರು, ಅದರ ಹೋಸ್‌ಗಳ ಸೋರಿಕೆ ನೋಡಿ.

ಘಾಟಿಯ ಪಾಲು

ಬಾಕ್ಸ್ ಹಾಕಿದ ಮೇಲೆ ಆಬರ್ನ್ ಏರಿನಲ್ಲಿ ಗಾಡಿ ಸಲೀಸಾಯಿತು. ಆದರೆ ಡಾನರ್ ಶಿಖರದ ಹತ್ತಿರ ಮತ್ತೆ ಏದುಸಿರು. ಗೆಳೆಯನ ಮುಖ ಸಪ್ಪಗಾಯಿತು. ಅಲ್ಲಿ ಹೆದ್ದಾರಿಯ ಎತ್ತರ 2,206 ಮೀಟರ್, ವಾತಾವರಣದ ಒತ್ತಡ ಸಮುದ್ರಮಟ್ಟಕ್ಕಿಂತ ಕಾಲುಭಾಗದ ಹತ್ತಿರ ಕಡಿಮೆ. ಟರ್ಬೊ ಇಲ್ಲದ ಎಂಜಿನ್‌ನಲ್ಲಿ 295 ಇದ್ದದ್ದು ಅಲ್ಲಿ 225ರ ಸುಮಾರಿಗೆ ಬಂದು ನಿಲ್ಲುತ್ತದೆ. ಬೆಟ್ಟ ಕಿತ್ತುಕೊಂಡ ಆ ಎಪ್ಪತ್ತನ್ನು ಯಾವ ಕೊಳವೆಯೂ ವಾಪಸ್ ತರಲಾರದು.

ಅವನಿಗೆ ತೋರಿಸಿದ್ದು ಗ್ಲೋವ್ ಬಾಕ್ಸ್ ಬಾಗಿಲ ಒಳಗಿನ ಚೀಟಿಯನ್ನು. ಜನರಲ್ ಮೋಟರ್ಸ್ ಆ ಕಾಲದಲ್ಲಿ ಗಾಡಿಯ ಪ್ರತಿ ಆಯ್ಕೆಯನ್ನೂ ಮೂರಕ್ಷರದ ಸಂಕೇತದಲ್ಲಿ ಅಲ್ಲಿ ಮುದ್ರಿಸುತ್ತಿತ್ತು. ಇವನ ಚೀಟಿಯಲ್ಲಿದ್ದದ್ದು ಜಿಯು6, ಅಂದರೆ ಹಿಂದಿನ ಆಕ್ಸಲ್ ಅನುಪಾತ 3.42: ಚಕ್ರ ಒಂದು ಸುತ್ತು ಬರಲು ಡ್ರೈವ್ ಶಾಫ್ಟ್ 3.42 ಸುತ್ತು ಬರಬೇಕು. ಭಾರ ಎಳೆಯಲೆಂದೇ ಕೊಳ್ಳುವವರು ಜಿಟಿ4 ಎಂಬ 3.73 ಅಥವಾ ಜಿಟಿ5 ಎಂಬ 4.10 ಹಾಕಿಸಿಕೊಳ್ಳುತ್ತಿದ್ದರು. 3.42ರಿಂದ 4.10ಕ್ಕೆ ಹೋದರೆ ಅದೇ ಗೇರಿನಲ್ಲಿ ಚಕ್ರಕ್ಕೆ ಸಿಗುವ ತಿರುಗುಬಲ ಶೇ. 20 ಹೆಚ್ಚು. ಖರ್ಚು ಕಿಟ್‌ನ ಹಲವು ಪಟ್ಟು, ಸ್ಪೀಡೋಮೀಟರ್ ಲೆಕ್ಕವನ್ನೂ ಕಂಪ್ಯೂಟರಿನಲ್ಲಿ ತಿದ್ದಿಸಬೇಕು, ಖಾಲಿ ಗಾಡಿಯಲ್ಲಿ ಪೆಟ್ರೋಲ್ ಸ್ವಲ್ಪ ಜಾಸ್ತಿ ಕುಡಿಯುತ್ತದೆ. ಆದರೂ ಟ್ರೇಲರ್ ಎಳೆಯುವವನ ದುಡ್ಡಿಗೆ ಬೆಲೆ ಬರುವ ಜಾಗ ಅದೇ ಎಂಬುದು ನನ್ನ ಖಚಿತ ಅಭಿಪ್ರಾಯ. ಸದ್ಯಕ್ಕೆ ಅವನು ಟ್ರೇಲರಿನ ನೀರಿನ ಟ್ಯಾಂಕನ್ನು ಮನೆಯಲ್ಲೇ ತುಂಬಿಸಿಕೊಂಡು ಹೋಗುವುದನ್ನು ಬಿಟ್ಟಿದ್ದಾನೆ. ಬೆಟ್ಟದ ಮೇಲೆ ತುಂಬಿಸಿಕೊಂಡರೆ ಆಯಿತು. ನೂರಾರು ಕಿಲೋ ಹಾಗೆಯೇ ಇಳಿಯಿತು.

ಹೊಗೆ ತಪಾಸಣೆಗೆ ಮತ್ತೆ ಹೋಗುವ ಮುಂಚೆ ಒಂದು ಎಚ್ಚರಿಕೆ ಬೇಕಿತ್ತು. ಕೆಲಸದ ನಡುವೆ ಬ್ಯಾಟರಿ ಬಿಚ್ಚಿದ್ದರಿಂದ ಕಂಪ್ಯೂಟರಿನ ಸ್ವಯಂ ಪರೀಕ್ಷೆಗಳ ದಾಖಲೆ ಅಳಿಸಿಹೋಗಿತ್ತು. ಈ ವರ್ಷದ ಪೆಟ್ರೋಲ್ ಗಾಡಿಗಳಿಗೆ ಇಂಧನ ಆವಿಯ ಪರೀಕ್ಷೆ ಒಂದನ್ನು ಬಿಟ್ಟು ಉಳಿದೆಲ್ಲವೂ ಮುಗಿದಿರಬೇಕು, ಇಲ್ಲದಿದ್ದರೆ ವಾಪಸ್ ಕಳಿಸುತ್ತಾರೆ. ಆ ವಾರ ಟ್ರೇಲರ್ ಇಲ್ಲದೆ ಊರೊಳಗೂ ಹೆದ್ದಾರಿಯಲ್ಲೂ ಓಡಿಸಿ, ಸ್ಕ್ಯಾನರಿನಲ್ಲಿ ಎಲ್ಲ ಮುಗಿದದ್ದು ನೋಡಿಕೊಂಡೇ ಹೋದ. ಪಾಸಾಯಿತು, ನಂಬರ್ ಪ್ಲೇಟೂ ಬಂತು.

ಧೂಳು ಎಂಜಿನ್ ಒಳಗೆ ಏನು ಮಾಡಿತ್ತೋ ಎಂಬ ಚಿಂತೆ ಮಾತ್ರ ನನ್ನನ್ನು ಬಿಟ್ಟಿರಲಿಲ್ಲ. ಆಯಿಲ್ ಬದಲಿಸುವಾಗ ಹಳೆಯದರ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಲು ಹೇಳಿದೆ. ಧೂಳಿನ ಗುರುತಾದ ಸಿಲಿಕಾನ್ 41 ಪಿಪಿಎಂ (ಹತ್ತು ಲಕ್ಷದಲ್ಲಿ 41 ಪಾಲು) ಇತ್ತು, ಜೊತೆಗೆ ಸವೆತದ ಗುರುತಾದ ಕಬ್ಬಿಣವೂ ಇರಬೇಕಾದ್ದಕ್ಕಿಂತ ಹೆಚ್ಚು. ಕಂಪನಿ ಪೆಟ್ಟಿಗೆಯೊಂದಿಗೆ ಓಡಿಸಿದ ಮುಂದಿನ ಆಯಿಲ್‌ನಲ್ಲಿ ಸಿಲಿಕಾನ್ 15ಕ್ಕೆ ಇಳಿದಿತ್ತು, ಕಬ್ಬಿಣ ಅರ್ಧಕ್ಕಿಂತ ಕಡಿಮೆ. ಗ್ಯಾಸ್ಕೆಟ್‌ಗೆ ಹಚ್ಚುವ ಅಂಟಿನಿಂದಲೂ ಸಿಲಿಕಾನ್ ಬರುವುದುಂಟು, ಆದರೆ ಎರಡು ಮಾದರಿಗಳ ನಡುವೆ ಎಂಜಿನ್ ಬಿಚ್ಚಿರಲಿಲ್ಲ. ಮುಂದಿನ ಆಯಿಲ್ ಬದಲಾವಣೆಗೂ ಮಾದರಿ ಕಳಿಸಲು ಬಾಟಲಿ ತಂದಿಟ್ಟಿದ್ದಾನೆ.